ದೋಷ ನೋಡಿ ಮೀಟರ್ ಕೊಳ್ಳಿ: ಮನೆಬಳಕೆ ಯಂತ್ರಗಳ ರಿಪೇರಿ ಕುರಿತ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದೋಷ ಹುಡುಕುವ ಉಪಕರಣಗಳ ಬಗ್ಗೆ. ಕೆಳಗಿನ ಲೆಕ್ಕಗಳನ್ನೆಲ್ಲ ನಮ್ಮ ಮನೆಗಳಿಗೆ ಬರುವ 230 ವೋಲ್ಟ್, 50 ಹರ್ಟ್ಸ್ ಸರಬರಾಜಿಗೆ ಹಾಕಿದೆ.

ಪ್ರಶ್ನೆ: ಐಟಿಐ ಮುಗಿಸಿ ಮಿಕ್ಸಿ, ಫ್ಯಾನ್, ವಾಷಿಂಗ್ ಮೆಷಿನ್ ರಿಪೇರಿ ಶುರುಮಾಡಿದ್ದೇನೆ. ಕೈಯಲ್ಲಿರುವುದು ಹಳದಿ ಬಣ್ಣದ 830 ಮಾದರಿಯ ಅಗ್ಗದ ಮಲ್ಟಿಮೀಟರ್. ಬೇರೆ ಕೊಳ್ಳಲೇಬೇಕೇ? ಏನು ನೋಡಿ ಕೊಳ್ಳಲಿ? (ಹಾಸನದ ಓದುಗರು)

ಕೊಳ್ಳಿ. ಆ ಮೀಟರಿನ ಅಳತೆ ಅಷ್ಟೇನೂ ಕೆಟ್ಟದ್ದಲ್ಲ. ಅಪಾಯ ಇರುವುದು ಅದರ 10 ಆಂಪಿಯರ್ ತೂತಿನಲ್ಲಿ. ಆ ತೂತಿನ ಪಕ್ಕ ‘ಅನ್‌ಫ್ಯೂಸ್ಡ್’ ಎಂದು ಬರೆದಿರುತ್ತದೆ, ಅಂದರೆ ಒಳಗೆ ಫ್ಯೂಸ್ ಇಲ್ಲ. ಯಾವಾಗಲೋ ಕರೆಂಟ್ ಅಳೆದು ಕೆಂಪು ವೈರನ್ನು ಅಲ್ಲೇ ಮರೆತಿರುತ್ತೀರಿ. ಮುಂದಿನ ಮನೆಯಲ್ಲಿ ವೋಲ್ಟೇಜ್ ನೋಡಲೆಂದು ಪ್ಲಗ್ ಪಾಯಿಂಟಿಗೆ ಪ್ರೋಬ್ ಚುಚ್ಚಿದರೆ ಫೇಸ್‌ಗೂ ನ್ಯೂಟ್ರಲ್‌ಗೂ ದಪ್ಪ ತಂತಿ ಕಟ್ಟಿದ ಹಾಗಾಗುತ್ತದೆ. ಪ್ರೋಬಿನ ತುದಿ ಕರಗುತ್ತದೆ, ಮೀಟರ್ ಒಡೆಯುತ್ತದೆ, ಕಿಡಿ ಮುಖಕ್ಕೇ ಹಾರುತ್ತದೆ. ಹೊಸದರಲ್ಲಿ 10 ಆಂಪಿಯರ್ ತೂತಿಗೂ ಫ್ಯೂಸ್ ಇರಬೇಕು. ಗಾಜಿನ ಸಣ್ಣ ಫ್ಯೂಸಿಗಿಂತ ದಪ್ಪನೆಯ ಸೆರಾಮಿಕ್ ಫ್ಯೂಸ್ ಮೇಲು. ಅಂಗಡಿಯಲ್ಲೇ ಹಿಂಬದಿ ತೆಗೆದು ತೋರಿಸಲು ಹೇಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇದಕ್ಕೆ ಯಾರೂ ಬೇಸರಿಸುವುದಿಲ್ಲ.

ಆಮೇಲೆ ‘ಕ್ಯಾಟ್’ ಗುರುತು ನೋಡಿ, ಮೀಟರ್ ಎಂಥ ಜಾಗದಲ್ಲಿ ಸುರಕ್ಷಿತ ಎಂದು ಹೇಳುವ ದರ್ಜೆ ಅದು. ಪ್ಲಗ್ಗಿಗೆ ಹಾಕುವ ಯಂತ್ರಗಳಿಗೆ ಕ್ಯಾಟ್ 2 ಸಾಕು. ಆದರೆ ಮನೆಗೆ ಹೋದವರು ಎಂ.ಸಿ.ಬಿ. ಬಾಕ್ಸ್ ತೆಗೆಯದೆ ಬರುವುದುಂಟೇ? ಅಲ್ಲಿಗೆ ಕ್ಯಾಟ್ 3, 600 ವೋಲ್ಟ್ ಬೇಕು. ಪ್ರೋಬ್‌ಗಳ ಮೇಲೂ ಅದೇ ಗುರುತಿರಬೇಕು. ಒಳ್ಳೆಯ ಮೀಟರಿಗೆ ತೆಳು ಪ್ರೋಬ್ ಸಿಕ್ಕಿಸಿದರೆ ರಕ್ಷಣೆ ಆ ಪ್ರೋಬಿನಷ್ಟೇ.

ಇನ್ನು ಕೆಲಸಕ್ಕೆ ಬರುವ ಸೌಲಭ್ಯಗಳು. ಮೊದಲನೆಯದು ಕೆಪಾಸಿಟರ್ ಅಳತೆ, ಕನಿಷ್ಠ 100 ಮೈಕ್ರೋಫ್ಯಾರಡ್‌ವರೆಗೆ. ಫ್ಯಾನ್ ನಿಧಾನವಾಯಿತೆಂದು ಬರುವ ದೂರುಗಳಲ್ಲಿ ಬಹುಪಾಲು ಕೆಪಾಸಿಟರಿನದ್ದೇ, ನಮ್ಮ ಅಂಗಡಿಗಳ ಮಾತಿನಲ್ಲಿ ಕಂಡೆನ್ಸರಿನದ್ದು. ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, ಶೇ 5ರಷ್ಟು ಹೆಚ್ಚುಕಡಿಮೆ ಎಂದು ಬರೆದಿರುತ್ತದೆ. ಹಾಗಾದರೆ 2.38ರಿಂದ 2.62ರ ನಡುವೆ ಬರಬೇಕು. 1.8 ಬಂದರೆ ಬೇರಿಂಗ್ ಬಿಚ್ಚುವ ಅಗತ್ಯವೇ ಇಲ್ಲ. ಅಳೆಯುವ ಮೊದಲು ಎರಡೂ ಕಾಲುಗಳ ನಡುವೆ 10ರಿಂದ 20 ಕಿಲೋಓಮ್, 5 ವಾಟ್ ರೆಸಿಸ್ಟರ್ ಹಿಡಿದು ಚಾರ್ಜ್ ಇಳಿಸಿ. ಎರಡನೆಯದು, ಅಲೆಯ ಆಕಾರ ಯಾವುದಾದರೂ ಸರಿಯಾದ ವೋಲ್ಟೇಜ್ ತೋರಿಸುವ ಟ್ರೂ ಆರ್‌ಎಂಎಸ್. ಸ್ಕ್ವೇರ್ ವೇವ್ ಇನ್ವರ್ಟರಿನ ಔಟ್‌ಪುಟ್ಟನ್ನು ಸಾದಾ ಮೀಟರ್ ಶೇ 11ರಷ್ಟು ಹೆಚ್ಚಿಗೆ ತೋರಿಸುತ್ತದೆ. ಮೂರನೆಯದು ಪ್ರೋಬ್ ತಾಗಿದ ಕ್ಷಣವೇ ಕೂಗುವ ಬಜರ್. ಟ್ರಾನ್ಸಿಸ್ಟರ್ ಪರೀಕ್ಷಿಸುವ ತೂತಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದರ ಬದಲು ತಾಪಮಾನ ನೋಡುವ ಕೆ-ಟೈಪ್ ವೈರ್ ಜೊತೆಗೆ ಸಿಕ್ಕರೆ ಫ್ರಿಜ್ ಕೆಲಸಕ್ಕಾಗುತ್ತದೆ.

ಯಾವ ಮೀಟರ್ ಆದರೂ ಬ್ಯಾಟರಿ ಇಳಿದ ಗುರುತು ಕಂಡ ದಿನವೇ ಬದಲಿಸಿ. ಅಗ್ಗದ ಮೀಟರ್‌ಗಳು ಬ್ಯಾಟರಿ ಸೋತಾಗ ಹೆಚ್ಚಿನ ಅಂಕಿ ತೋರಿಸುತ್ತವೆ. 230 ಇರುವ ಕಡೆ 260 ಕಂಡು, ಸರಬರಾಜೇ ಸರಿಯಿಲ್ಲವೆಂದು ಗ್ರಾಹಕರಿಗೆ ಸ್ಟೆಬಿಲೈಜರ್ ಕೊಡಿಸಿಬಿಡುತ್ತೀರಿ. ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳುವಾಗ ಮೊದಲು ಕರೆಂಟ್ ಇರುವ ಪಾಯಿಂಟಿಗೆ ಪ್ರೋಬ್ ಮುಟ್ಟಿಸಿ ನೋಡಿ, ನಂತರ ಕೆಲಸದ ಜಾಗ, ಮತ್ತೆ ಆ ಪಾಯಿಂಟ್. ಮೂರು ಸಲವೂ ಮೀಟರ್ ಸರಿಯಾಗಿ ಹೇಳಿದರೆ ಮಾತ್ರ ಕೈ ಹಾಕಿ.

ಪ್ರಶ್ನೆ: 15 ಲೀಟರ್ ಗೀಸರ್ ಹಾಕಿದ ಕೂಡಲೇ ಅಥವಾ ಐದಾರು ನಿಮಿಷದಲ್ಲಿ ಆರ್.ಸಿ.ಸಿ.ಬಿ. (ಅರ್ಥಿಗೆ ಕರೆಂಟ್ ಸೋರಿದರೆ ಸರಬರಾಜು ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಎಲಿಮೆಂಟ್ 26 ಓಮ್ ತೋರಿಸುತ್ತದೆ. ಬಾಡಿಗೂ ಎಲಿಮೆಂಟಿಗೂ ಬಜರ್ ಕೂಗುವುದಿಲ್ಲ. ಆರ್.ಸಿ.ಸಿ.ಬಿ.ಯೇ ಕೆಟ್ಟಿದೆಯೇ? (ಕೋಲಾರದ ಓದುಗರು)

ಆರ್.ಸಿ.ಸಿ.ಬಿ. ಬದಲಿಸಲು ಅವಸರ ಬೇಡ. 26 ಓಮ್ ಸರಿಯಾದ ಅಳತೆಯೇ: 230ರ ವರ್ಗವನ್ನು 2000 ವಾಟ್‌ನಿಂದ ಭಾಗಿಸಿದರೆ 26.45 ಬರುತ್ತದೆ. ಕಾಯಿಲ್ ತುಂಡಾಗಿಲ್ಲ, ಒಳಗೆ ಶಾರ್ಟೂ ಆಗಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಕಾಯಿಲಿಗೂ ಹೊರಗಿನ ಕೊಳವೆಗೂ ನಡುವಿನ ಇನ್ಸುಲೇಷನ್ ಹೇಗಿದೆ ಎಂಬುದನ್ನು ಅದು ಹೇಳದು.

ಮನೆಯ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರಿನದ್ದಾಗಿದ್ದರೆ ಅದು 15ರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಬೀಳಬಹುದು. 230 ವೋಲ್ಟಿನಲ್ಲಿ 30 ಮಿಲಿಆಂಪಿಯರ್ ಹರಿಯಲು ಸುಮಾರು 7,700 ಓಮ್ ದಾರಿ ಸಾಕು. 15ಕ್ಕೆ ಸುಮಾರು 15,000 ಓಮ್. ನಿಮ್ಮ ಬಜರ್ ಕೂಗುವುದು ಕೆಲವು ಹತ್ತು ಓಮ್‌ಗಳ ಒಳಗಿದ್ದರೆ ಮಾತ್ರ. ಹಾಗಾಗಿ ಬಜರ್ ಪ್ರಕಾರ ಏನೂ ಇಲ್ಲ, ಆರ್.ಸಿ.ಸಿ.ಬಿ. ಪ್ರಕಾರ ದೊಡ್ಡ ಸೋರಿಕೆ ಇದೆ. ಮೊದಲು ಪ್ಲಗ್ ಕಿತ್ತು, ಅದೇ ಮೀಟರಿನ ನಾಬನ್ನು 2 ಅಥವಾ 20 ಮೆಗಾಓಮ್‌ಗೆ ತಿರುಗಿಸಿ ಎಲಿಮೆಂಟ್ ಟರ್ಮಿನಲ್‌ಗೂ ಬಾಡಿಗೂ ನಡುವೆ ನೋಡಿ. ಯಾವುದಾದರೂ ಅಂಕಿ ಬಂದರೆ ಅಪರಾಧಿ ಅಲ್ಲೇ ಸಿಕ್ಕಿದ ಹಾಗೆ.

ಅದರಲ್ಲೂ ಏನೂ ಬರದಿದ್ದರೆ ಇನ್ಸುಲೇಷನ್ ಅಳೆಯುವ ಮೀಟರ್, ಅಂದರೆ ಮೆಗ್ಗರ್ ಬೇಕು. ಮಲ್ಟಿಮೀಟರ್ ಓಮ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ. ಬಿರುಕಿನಲ್ಲಿ ಪಸೆ ಇದ್ದರೂ ಅಷ್ಟು ಕಡಿಮೆ ವೋಲ್ಟೇಜಿಗೆ ಅದು ಕಾಣಿಸಿಕೊಳ್ಳದೇ ಇರಬಹುದು. ಮೆಗ್ಗರ್ 500 ವೋಲ್ಟ್ ಡಿಸಿ ಹಾಕಿ ನೋಡುತ್ತದೆ. ಕೆಲಸ ಹೀಗೆ: ಗೀಸರಿನ ಪ್ಲಗ್ ಕಿತ್ತು, ಥರ್ಮೋಸ್ಟಾಟ್ ಪೂರ್ತಿ ಮೇಲಕ್ಕಿಡಿ, ಗೀಸರಿನ ಮೇಲೆ ಸ್ವಿಚ್ ಇದ್ದರೆ ಅದನ್ನೂ ಹಾಕಿ. ಇಲ್ಲದಿದ್ದರೆ ಪರೀಕ್ಷೆ ಎಲಿಮೆಂಟ್‌ವರೆಗೆ ಪೂರ್ತಿ ತಲುಪದೇ ಇರಬಹುದು, ಎಲ್ಲ ಸರಿ ಎಂಬ ಸುಳ್ಳು ಉತ್ತರ ಬರಬಹುದು. ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್‌ಗಳನ್ನು ತಂತಿಯಿಂದ ಸೇರಿಸಿ, ಅವೆರಡಕ್ಕೂ ಅರ್ಥ್ ಪಿನ್ನಿಗೂ ನಡುವೆ ಒಂದು ನಿಮಿಷ 500 ವೋಲ್ಟ್ ಕೊಡಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲಿಮೆಂಟನ್ನು ಬಿಡಿಸಿ ಅದೊಂದನ್ನೇ ಮತ್ತೆ ಅಳೆಯಿರಿ. ನೀರು ತಣ್ಣಗಿದ್ದಾಗ ಚೆನ್ನಾಗಿದ್ದು ಕಾದ ಮೇಲೆ ಇಳಿಯುವುದುಂಟು. ಐದಾರು ನಿಮಿಷದ ನಂತರ ಟ್ರಿಪ್ ಆಗುವುದಕ್ಕೆ ಇದೇ ಕಾರಣ. ಅದಕ್ಕಾಗಿ ಟ್ರಿಪ್ ಆದ ತಕ್ಷಣ, ಬಿಸಿಯಿರುವಾಗಲೇ, ಪ್ಲಗ್ ಕಿತ್ತು ಇನ್ನೊಮ್ಮೆ ನೋಡಬೇಕು. ಡಿಜಿಟಲ್ ಡಿಸ್‌ಪ್ಲೇ ಇರುವ ಗೀಸರಾದರೆ ಮೊದಲು ಅದರ ಬೋರ್ಡಿನ ಕನೆಕ್ಟರ್ ಬಿಡಿಸಿ.

ಮೆಗ್ಗರ್ ಕೊಳ್ಳುವಾಗ 250 ಮತ್ತು 500 ವೋಲ್ಟ್ ಎರಡೂ ಇರುವುದನ್ನು ಆರಿಸಿ. ಕೈಯಲ್ಲಿ ತಿರುಗಿಸುವ ಹಳೆಯ 500 ವೋಲ್ಟ್ ಮೆಗ್ಗರ್ ಸಿಕ್ಕರೂ ಧಾರಾಳವಾಗಿ ನಡೆಯುತ್ತದೆ. ವೈರ್‌ಗಳನ್ನು ಸೇರಿಸಿದಾಗ ಸೊನ್ನೆ, ಬಿಡಿಸಿದಾಗ ಅನಂತ ತೋರಿಸುತ್ತದೆಯೇ ಎಂದು ಪ್ರತಿ ಸಲ ಪರೀಕ್ಷಿಸಿ.

ಇನ್ನೊಂದು ಸುಳಿವು. ಗೀಸರಿನ ಗೋಡೆ ಸ್ವಿಚ್ ಆಫ್ ಇದ್ದು ಪ್ಲಗ್ ಮಾತ್ರ ಇದ್ದಾಗಲೂ ಟ್ರಿಪ್ ಆಗುತ್ತಿದೆಯೇ? ಹಾಗಾದರೆ ಸೋರಿಕೆ ಎಲಿಮೆಂಟಿನ ನ್ಯೂಟ್ರಲ್ ತುದಿಯ ಕಡೆಗಿದೆ. ಗೋಡೆ ಸ್ವಿಚ್ ಫೇಸ್ ಮಾತ್ರ ಕತ್ತರಿಸುತ್ತದೆ. ನ್ಯೂಟ್ರಲ್ ಅರ್ಥಿಗೆ ತಾಗಿದರೆ ಮನೆಯ ಬೇರೆ ಯಂತ್ರಗಳ ಕರೆಂಟೂ ಆ ದಾರಿ ಹಿಡಿಯುತ್ತದೆ. ಪ್ಲಗ್ ಕಿತ್ತಾಗ ನಿಂತರೆ ಸಂಶಯವೇ ಬೇಡ.

ನಿಮ್ಮ ಕಡೆಯ ಕೊಳವೆಬಾವಿ ನೀರಿಗೆ ಎಲಿಮೆಂಟ್ ಮೇಲೆ ಬೇಗ ಸುಣ್ಣ ಕಟ್ಟುತ್ತದೆ. ಸುಣ್ಣದ ಅಡಿಯಲ್ಲಿ ಬಿಸಿ ಹೊರಹೋಗದೆ ಕೊಳವೆ ಸೀಳುತ್ತದೆ. ಎಲಿಮೆಂಟ್ ಬದಲಿಸುವಾಗ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಆನೋಡ್ ಕಡ್ಡಿ ಮುಗಿದಿದೆಯೇ ನೋಡಿ, ಸವೆದಿದ್ದರೆ ಅದನ್ನೂ ಹಾಕಿಸಿ. ಆರ್.ಸಿ.ಸಿ.ಬಿ.ಯನ್ನು ತಪ್ಪಿಸಿ ಗೀಸರ್ ನಡೆಸಿದರೆ ನೀರಿನ ಮೂಲಕ ಸ್ನಾನದವರ ಮೈಗೆ ಕರೆಂಟ್ ಬರಬಹುದು. ಒಂದು ದಿನದ ಮಟ್ಟಿಗೂ ಹಾಗೆ ಮಾಡಬೇಡಿ, ಗ್ರಾಹಕರು ಎಷ್ಟೇ ಒತ್ತಾಯಿಸಿದರೂ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದ ವೈರಿನಲ್ಲೂ ಹೊಸ ಡಿಜಿಟಲ್ ಮೀಟರ್ 70–80 ವೋಲ್ಟ್ ತೋರಿಸುತ್ತದೆ. ಮೀಟರ್ ದೋಷವೇ? (ಶಿರಸಿಯ ಓದುಗರು)

ಅಲ್ಲ. ಡಿಜಿಟಲ್ ಮೀಟರ್ ವೈರಿನಿಂದ ಎಳೆದುಕೊಳ್ಳುವ ಕರೆಂಟ್ ತೀರಾ ಅಲ್ಪ, ಒಳಗಿನ ಪ್ರತಿರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದೇ ಪೈಪಿನಲ್ಲಿ ಪಕ್ಕದಲ್ಲೇ ಓಡುವ ಫೇಸ್ ವೈರಿನ ಪ್ರಭಾವವೂ ಅದಕ್ಕೆ ವೋಲ್ಟೇಜಾಗಿ ಕಾಣುತ್ತದೆ. ‘ಲೋ-ಜಡ್’ ಎಂಬ, ಒಳಗಿನ ಪ್ರತಿರೋಧ ಇಳಿಸುವ ಆಯ್ಕೆಯಿರುವ ಮೀಟರ್ ಇದ್ದರೆ ಅದಕ್ಕೆ ತಿರುಗಿಸಿ. ಇಲ್ಲವಾದರೆ ಫಿಲಮೆಂಟ್ ಇರುವ 15 ವಾಟ್ ಜೀರೋ ಬಲ್ಬನ್ನು ಅದೇ ಎರಡು ವೈರಿಗೆ ಕೊಟ್ಟು ಮತ್ತೆ ಅಳೆಯಿರಿ. ಸುಳ್ಳು ವೋಲ್ಟೇಜಾಗಿದ್ದರೆ ಅಂಕಿ ಸೊನ್ನೆಯ ಹತ್ತಿರ ಬೀಳುತ್ತದೆ. ನಿಯಾನ್ ಟೆಸ್ಟರನ್ನೂ ಪೂರ್ತಿ ನಂಬಲಾಗದು: ನ್ಯೂಟ್ರಲ್ ಕಿತ್ತುಹೋಗಿ ಯಾವುದಾದರೂ ಸ್ವಿಚ್ ಆನ್ ಇದ್ದರೆ ನ್ಯೂಟ್ರಲ್ ತೂತಿನಲ್ಲೂ ಅದು ಉರಿಯುತ್ತದೆ, ಆಗ ಅಲ್ಲಿ ನಿಜವಾಗಿಯೂ ಶಾಕ್ ಹೊಡೆಯುತ್ತದೆ.

ಪ್ರಶ್ನೆ: ಫ್ರಿಜ್ ಕಂಪ್ರೆಸರ್ ನೋಡಲು ಕ್ಲ್ಯಾಂಪ್ ಮೀಟರ್ ತಂದೆ. ಫ್ರಿಜ್ಜಿನ ವೈರಿಗೆ ಹಾಕಿದರೆ ಸೊನ್ನೆ, ಒಂದೇ ಎಳೆಗೆ ಹಾಕಿದರೆ ಅಂಕಿ ನಿಲ್ಲುವುದಿಲ್ಲ. (ದಾವಣಗೆರೆಯ ಓದುಗರು)

ಹೋಗುವ ಕರೆಂಟೂ ಬರುವ ಕರೆಂಟೂ ಒಂದೇ ಬಾಯೊಳಗೆ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ, ಅದಕ್ಕೇ ಸೊನ್ನೆ. ಒಂದು ಮೊಳದ ಎಕ್ಸ್‌ಟೆನ್ಷನ್ ವೈರ್ ಮಾಡಿ, ಹೊರಗವಚ ಸುಲಿದು ಮೂರೂ ಎಳೆ ಬೇರೆಬೇರೆ ಬಿಟ್ಟುಕೊಳ್ಳಿ. ಒಳಗಿನ ಇನ್ಸುಲೇಷನ್‌ಗೆ ಬ್ಲೇಡ್ ತಾಗಬಾರದು.

ಅಂಕಿ ನಿಲ್ಲದಿರುವುದು ಮೀಟರಿನ ಆಯ್ಕೆಯ ತಪ್ಪು. ಸಿಂಗಲ್ ಡೋರ್ ಫ್ರಿಜ್ ಓಡುವಾಗ ಎಳೆಯುವುದು ಹೆಚ್ಚೆಂದರೆ 1 ಆಂಪಿಯರಿನ ಆಸುಪಾಸು. 400 ಆಂಪಿಯರಿನ, 0.1ರ ಹೆಜ್ಜೆಯ ಕ್ಲ್ಯಾಂಪಿನಲ್ಲಿ ಐದು ಅಂಕಿಯ ತಪ್ಪೆಂದರೆ ಅರ್ಧ ಆಂಪಿಯರ್! ಮನೆಬಳಕೆಯ ಕೆಲಸಕ್ಕೆ ದೊಡ್ಡ ರೇಂಜ್ ಬೇಡ. ಕೆಳಗಿನ ರೇಂಜ್ 2 ಅಥವಾ 4 ಆಂಪಿಯರ್ ಇರುವ, 0.01ಕ್ಕಿಂತ ಒರಟಲ್ಲದ ಮೀಟರ್ ಕೊಳ್ಳಿ. ಸದ್ಯಕ್ಕೆ ಇರುವುದರಲ್ಲೇ ಕೆಲಸ ಆಗಬೇಕೆಂದರೆ ಆ ಎಕ್ಸ್‌ಟೆನ್ಷನ್ನಿನ ಫೇಸ್ ಎಳೆಯನ್ನು ಉದ್ದವಾಗಿಟ್ಟು ಕ್ಲ್ಯಾಂಪಿನ ಬಾಯೊಳಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಿ.

ಹೊರಡುವಾಗ ಕಂಪ್ರೆಸರ್ ಹಲವು ಪಟ್ಟು ಹೆಚ್ಚು ಎಳೆದು ಒಂದು ಸೆಕೆಂಡಿನೊಳಗೆ ಇಳಿಯಬೇಕು. ಗುಂಯ್ ಎಂದು ಕೆಲವು ಸೆಕೆಂಡ್ ಹೆಚ್ಚಿನ ಕರೆಂಟ್ ಎಳೆದು, ಓವರ್‌ಲೋಡ್ ಟಕ್ ಎಂದು ಬಿದ್ದು, ಕೆಲವು ನಿಮಿಷಕ್ಕೊಮ್ಮೆ ಅದೇ ಮರುಕಳಿಸಿದರೆ ಮೊದಲು ಪ್ಲಗ್ ಪಾಯಿಂಟಿನ ವೋಲ್ಟೇಜನ್ನು ಆ ಕ್ಷಣದಲ್ಲೇ ನೋಡಿ. ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ 180ರ ಕೆಳಗಿಳಿದು ಕಂಪ್ರೆಸರ್ ಏಳುವುದೇ ಇಲ್ಲ, ಆಗ ಫ್ರಿಜ್ಜಿನ ದೋಷವಲ್ಲ. ವೋಲ್ಟೇಜ್ ಸರಿಯಿದ್ದರೆ ಪ್ಲಗ್ ಕಿತ್ತು, ಕಂಪ್ರೆಸರನ್ನು ಹೊರಡಿಸುವ ಪಿಟಿಸಿ ರಿಲೇ ತೆಗೆದು ಅಲ್ಲಾಡಿಸಿ. ಒಳಗೆ ಗಲಗಲ ಎಂದರೆ ಒಡೆದಿದೆ. ಆಮೇಲೆ ಕಂಪ್ರೆಸರಿನ ಮೂರು ಪಿನ್: ಕಾಮನ್‌ನಿಂದ ರನ್ 12 ಓಮ್, ಕಾಮನ್‌ನಿಂದ ಸ್ಟಾರ್ಟ್ 20 ಓಮ್ ಬಂದಿತೆನ್ನಿ, ಸ್ಟಾರ್ಟ್–ರನ್ ನಡುವೆ 32 ಬರಬೇಕು. ಅಂಕಿಗಳು ಕಂಪ್ರೆಸರಿನಿಂದ ಕಂಪ್ರೆಸರಿಗೆ ಬೇರೆ, ಕೂಡಿದ ಮೊತ್ತ ಮಾತ್ರ ತಪ್ಪಬಾರದು. ಮೀಟರ್ ವೈರಿನದೇ ಅರ್ಧ ಓಮ್ ಇರುತ್ತದೆ, ಕಳೆಯಿರಿ. ಈ ಲೆಕ್ಕ ಸಾದಾ ಕಂಪ್ರೆಸರಿಗೆ ಮಾತ್ರ. ಇನ್ವರ್ಟರ್ ಕಂಪ್ರೆಸರಿನಲ್ಲಿ ಮೂರೂ ಜೋಡಿಗೆ ಒಂದೇ ಅಳತೆ ಬರಬೇಕು.

ಪ್ರಶ್ನೆ: ಅಂಗಡಿಯಲ್ಲಿ ಹಳೆಯ ಸೀರೀಸ್ ಬೋರ್ಡ್ (ಪರೀಕ್ಷಿಸುವ ಯಂತ್ರಕ್ಕೆ ಬಲ್ಬಿನ ಮೂಲಕ ಕರೆಂಟ್ ಕೊಡುವ ಬೋರ್ಡ್) ಇದೆ. ಬಲ್ಬ್ ಹೋಯಿತು, ಎಲ್‌ಇಡಿ ಹಾಕಿದರೆ ಏನನ್ನಿಟ್ಟರೂ ಉರಿಯುತ್ತದೆ. ಇಷ್ಟೊಂದು ಮೀಟರ್ ಬಂದ ಮೇಲೆ ಈ ಬೋರ್ಡ್ ಬೇಕೇ? (ಹುಬ್ಬಳ್ಳಿಯ ಓದುಗರು)

ಬೇಕೇ ಬೇಕು. ಎಷ್ಟು ದುಬಾರಿ ಮೀಟರ್ ತಂದರೂ ಅದನ್ನು ಎಸೆಯಬೇಡಿ. ಮೀಟರ್ ಯಂತ್ರವನ್ನು ಒಂದೆರಡು ವೋಲ್ಟಿನಲ್ಲಿ ನೋಡುತ್ತದೆ, ಸೀರೀಸ್ ಬೋರ್ಡ್ ನಿಜವಾದ ಕರೆಂಟ್ ಕೊಟ್ಟು ನೋಡುತ್ತದೆ, ಆದರೂ ಫ್ಯೂಸ್ ಹಾರಲು ಬಿಡುವುದಿಲ್ಲ. 100 ವಾಟ್ ಫಿಲಮೆಂಟ್ ಬಲ್ಬ್ ಸರಣಿಯಲ್ಲಿದ್ದರೆ ಪೂರ್ತಿ ಶಾರ್ಟ್ ಆದ ಯಂತ್ರವೂ 0.43 ಆಂಪಿಯರಿಗಿಂತ ಹೆಚ್ಚು ಎಳೆಯಲಾರದು. ಎಲ್‌ಇಡಿ ಬಲ್ಬ್ ಅತ್ಯಲ್ಪ ಕರೆಂಟಿಗೇ ಉರಿಯುತ್ತದೆ, ಹಾಗಾಗಿ ಈ ಕೆಲಸಕ್ಕೆ ಆಗದು. ಫಿಲಮೆಂಟ್ ಬಲ್ಬ್ ಸಿಗದಿದ್ದರೆ ಹ್ಯಾಲೊಜನ್ ಬಲ್ಬ್ ಹಾಕಿ, ಅದೂ ಫಿಲಮೆಂಟಿನದ್ದೇ.

ಓದುವ ಬಗೆ ತಿಳಿದಿರಬೇಕು. ಮಿಕ್ಸಿ ಇಟ್ಟಾಗ ಬಲ್ಬ್ ಮಂದವಾಗಿ ಉರಿದು ಮೋಟಾರ್ ನಿಧಾನಕ್ಕೆ ತಿರುಗಿದರೆ ಒಳ್ಳೆಯದು. ಬಲ್ಬ್ ಉರಿಯದಿದ್ದರೆ ಎಲ್ಲೋ ಓಪನ್: ಕಾರ್ಬನ್ ಬ್ರಷ್ ಸವೆದಿರಬಹುದು, ಅಡಿಯ ಕೆಂಪು ಓವರ್‌ಲೋಡ್ ಬಟನ್ ಹಾರಿರಬಹುದು. ಪೂರ್ತಿ ಉರಿದು ಮೋಟಾರ್ ಅಲುಗದಿದ್ದರೆ ಶಾರ್ಟ್ ಅಥವಾ ಬುಷ್ ಹಿಡಿದಿದೆ. ಆದರೆ ಇಸ್ತ್ರಿಪೆಟ್ಟಿಗೆ, ಗೀಸರ್‌ಗಳಿಗೆ ಈ ಬೋರ್ಡ್ ಉತ್ತರ ಹೇಳದು. ಉರಿಯುವ ಬಲ್ಬಿನ ಪ್ರತಿರೋಧ 529 ಓಮ್, ಗೀಸರಿನದ್ದು 26. ಶಾರ್ಟ್ ಇದ್ದರೂ ಚೆನ್ನಾಗಿದ್ದರೂ ಬೆಳಕು ಒಂದೇ. ಫ್ರಿಜ್ ಕಂಪ್ರೆಸರೂ ಇದರ ಮೇಲೆ ಏಳುವುದಿಲ್ಲ, ಅದು ದೋಷವಲ್ಲ.

0.43 ಆಂಪಿಯರ್ ಯಂತ್ರವನ್ನು ಕಾಪಾಡುತ್ತದೆ, ಮನುಷ್ಯರನ್ನಲ್ಲ. ಜೀವ ತೆಗೆಯಲು ಅದರ ಹತ್ತನೇ ಒಂದು ಭಾಗ ಸಾಕು. ಬಲ್ಬ್ ಫೇಸ್ ಎಳೆಯಲ್ಲೇ ಇರಲಿ, ಬೋರ್ಡಿನ ಹಿಂದೆ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. ಇರಲಿ.

ಪ್ರಶ್ನೆ: ಇಂಡಕ್ಷನ್ ಸ್ಟೌಗೆ ಐಜಿಬಿಟಿ (ಕಾಯಿಲಿನ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಹಾಕಿದಷ್ಟೂ ಸುಡುತ್ತಿದೆ. ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್ ಕೊಂಡರೆ ಕಾರಣ ಸಿಗುತ್ತದೆಯೇ? (ಮೈಸೂರಿನ ಓದುಗರು)

ಅದಕ್ಕೂ ಮೊದಲು ಅಗ್ಗದಲ್ಲಿ ಸಿಗುವ ಉತ್ತರಗಳನ್ನು ಮುಗಿಸಿ. ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಕಾಯಿಲಿಗೆ ಜೊತೆಯಾಗಿರುವ ಕೆಪಾಸಿಟರನ್ನು ಒಂದು ಕಾಲು ಬಿಡಿಸಿ ಅಳೆಯಿರಿ. ಹೆಚ್ಚಾಗಿ 0.3 ಮೈಕ್ರೋಫ್ಯಾರಡ್ ಸುತ್ತಮುತ್ತಲಿನದು, 1200 ವೋಲ್ಟಿನದು. ಮೇಲೆ ಬರೆದ ಅಳತೆಗಿಂತ ಶೇ 10 ಇಳಿದಿದ್ದರೂ ಬದಲಿಸಿ. ನಂತರ ಕಾಯಿಲಿನ ಎರಡು ತುದಿಯಿಂದ ಕಂಟ್ರೋಲರಿನ ಕಡೆಗೆ ಹೋಗುವ, ಲಕ್ಷಗಟ್ಟಲೆ ಓಮಿನ ರೆಸಿಸ್ಟರ್ ಸರಪಳಿ ಹುಡುಕಿ. ಇವುಗಳ ಓಮ್ ಅಳತೆ ಕಾಲಕ್ರಮೇಣ ಏರುತ್ತದೆ. ಆಗ ಸ್ವಿಚಿಂಗ್ ಸಮಯ ತಪ್ಪಿ ಐಜಿಬಿಟಿ ಸುಡುತ್ತದೆ, ಹೊರನೋಟಕ್ಕೆ ರೆಸಿಸ್ಟರ್ ಹೊಸದರಂತೇ ಇರುತ್ತದೆ. ಮೂರನೆಯದು ಡ್ರೈವರಿಗೆ ಹೋಗುವ ಸಪ್ಲೈ, ಬಹಳ ಬೋರ್ಡುಗಳಲ್ಲಿ 18 ವೋಲ್ಟ್. ಅದು ಇಳಿದರೆ ಗೇಟ್ ಪೂರ್ತಿ ತೆರೆಯದೆ ಐಜಿಬಿಟಿ ಕಾದು ಸಾಯುತ್ತದೆ. ಹೊಸದನ್ನು ಹಾಕಿದ ಮೇಲೆ ಪಾತ್ರೆ ಇಡದೆ 100 ವಾಟ್ ಸೀರೀಸ್ ಬಲ್ಬಿನ ಮೂಲಕವೇ ಮೊದಲ ಸಲ ಆನ್ ಮಾಡಿ. ಬಲ್ಬ್ ಒಮ್ಮೆ ಮಿನುಗಿ ಆರಬೇಕು.

ಇಷ್ಟಾದರೂ ಸಿಗದಿದ್ದರೆ ಸ್ಕೋಪ್ ಉಪಯೋಗಕ್ಕೆ ಬರುತ್ತದೆ, ಆದರೆ ಜೊತೆಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಬೇಕು. ಈ ಬೋರ್ಡಿನ ನೆಗೆಟಿವ್ ನೇರ ಲೈನಿಗೆ ಸೇರಿದೆ. ಸ್ಕೋಪಿನ ಮೊಸಳೆ ಕ್ಲಿಪ್ ಅರ್ಥಿಗೆ ಸೇರಿದೆ. ಎರಡನ್ನೂ ಜೋಡಿಸಿದ ಕೂಡಲೇ ಬ್ರಿಡ್ಜ್ ಡಯೋಡ್ ಹಾರುತ್ತದೆ, ಸ್ಕೋಪೂ ಹೋಗಬಹುದು. ಸ್ಕೋಪಿನ ಅರ್ಥ್ ಪಿನ್ ಕತ್ತರಿಸಿಕೊಳ್ಳುವವರಿದ್ದಾರೆ. ಆಗ ಸ್ಕೋಪಿನ ಹೊರಭಾಗವೇ ಕರೆಂಟಾಗುತ್ತದೆ.

ಪ್ರಶ್ನೆ: ಹೊಸ ಫ್ರಿಜ್‌ಗಳ ಆರ್-600ಎ ಗ್ಯಾಸ್ ಸೋರಿಕೆ ಹುಡುಕಲು ಏನು ಬೇಕು? ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಬರುವುದಿಲ್ಲ. (ಉಡುಪಿಯ ಓದುಗರು)

ಯಂತ್ರ ಓಡುತ್ತಿರುವಾಗ ಹಚ್ಚಿದ್ದೀರಿ. ಈ ಗ್ಯಾಸ್ ಮೈನಸ್ 11.7 ಡಿಗ್ರಿಗೆ ಕುದಿಯುತ್ತದೆ. ಫ್ರೀಜರ್ ಅದಕ್ಕಿಂತ ತಂಪಾದಾಗ ಆ ಕಡೆಯ ಪೈಪಿನೊಳಗಿನ ಒತ್ತಡ ಹೊರಗಾಳಿಗಿಂತ ಕಡಿಮೆ. ತೂತಿದ್ದರೆ ಗ್ಯಾಸ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಫ್ರಿಜ್ ಆಫ್ ಮಾಡಿ, ಒತ್ತಡ ಸಮವಾಗಿ ಫ್ರೀಜರ್ ಕೋಣೆಯ ಬಿಸಿಗೆ ಬಂದ ಮೇಲೆ ನೊರೆ ಹಚ್ಚಿ.

ಇದು ಐಸೋಬ್ಯುಟೇನ್, ಉರಿಯುವ ಗ್ಯಾಸ್. ಗಾಳಿಯಲ್ಲಿ ಶೇ 1.8 ಸೇರಿದರೂ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಹ್ಯಾಲೈಡ್ ಟಾರ್ಚ್ ಮುಟ್ಟಬೇಡಿ: ಅದು ಬೆಂಕಿ, ಮೇಲಾಗಿ ಕ್ಲೋರಿನ್ ಇಲ್ಲದ ಈ ಗ್ಯಾಸನ್ನು ಅದು ಗುರುತಿಸುವುದೂ ಇಲ್ಲ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಕೊಳ್ಳುವಾಗ ಹೈಡ್ರೋಕಾರ್ಬನ್ ಗ್ಯಾಸಿಗೆ ಎಂದು ಬರೆದಿರುವುದನ್ನೇ ಕೊಳ್ಳಿ. ಒತ್ತಡ ಕೊಟ್ಟು ನೋಡಲು ರೆಗ್ಯುಲೇಟರ್ ಸಹಿತ ಒಣ ನೈಟ್ರೋಜನ್ ಬೇಕು. ಆಮ್ಲಜನಕ ಯಾವ ಕಾರಣಕ್ಕೂ ಬೇಡ, ಕಂಪ್ರೆಸರ್ ಎಣ್ಣೆಯ ಜೊತೆ ಅದು ಸಿಡಿಯುತ್ತದೆ.

ಈ ಕೆಲಸದಲ್ಲಿ ಜನ ಕೊಳ್ಳಲು ಮರೆಯುವುದು ತಕ್ಕಡಿಯನ್ನು. ಫ್ರಿಜ್ಜಿನ ವಿವರದ ಪ್ಲೇಟಿನ ಮೇಲೆ ಗ್ಯಾಸ್ 45 ಗ್ರಾಂ ಎಂದಿದ್ದರೆ 5 ಗ್ರಾಂ ತಪ್ಪೆಂದರೆ ಶೇ 11. ಒಂದು ಗ್ರಾಂ ಹೆಜ್ಜೆಯ ತಕ್ಕಡಿ ಇಲ್ಲದೆ, ಗೇಜ್ ನೋಡಿ ಗ್ಯಾಸ್ ತುಂಬಿದ ಫ್ರಿಜ್ ಒಂದೋ ಅರ್ಧ ಹಿಮ ಹಿಡಿಯುತ್ತದೆ, ಇಲ್ಲವೇ ಕಂಪ್ರೆಸರಿಗೆ ದ್ರವವೇ ವಾಪಸು ಬರುತ್ತದೆ. ಬರೀ ‘ಒಮ್ಮೆ ನೋಡೋಣ’ ಎಂದು ಪೈಪಿಗೆ ಪಿನ್ ವಾಲ್ವ್ ಚುಚ್ಚಬೇಡಿ, ಅದೇ ಮುಂದಿನ ಸೋರಿಕೆ. ಫ್ರೀಜರಿನ ಮೊದಲ ಸುತ್ತಿಗೆ ಮಾತ್ರ ಹಿಮ, ಕಂಡೆನ್ಸರ್ (ಇಲ್ಲಿ ಕೆಪಾಸಿಟರ್ ಅಲ್ಲ, ಬಿಸಿ ಹೊರಬಿಡುವ ಪೈಪ್ ಸುರುಳಿ) ಬಿಸಿಯೇ ಇಲ್ಲ, ಕರೆಂಟ್ ಪ್ಲೇಟಿನ ಅಂಕಿಗಿಂತ ಕಡಿಮೆ: ಈ ಮೂರೂ ಒಟ್ಟಿಗೆ ಕಂಡರೆ ಗ್ಯಾಸ್ ಕಡಿಮೆಯೆಂದು ಪೈಪ್ ಮುಟ್ಟದೆಯೇ ಹೇಳಬಹುದು.

ಪ್ರಶ್ನೆ: ಮೈಕ್ರೋವೇವ್ ಓವನ್ನಿನ ಹೈ ವೋಲ್ಟೇಜನ್ನು 1000 ವೋಲ್ಟ್ ಮಲ್ಟಿಮೀಟರಿನಿಂದ ಅಳೆಯಬಹುದೇ? (ಬಳ್ಳಾರಿಯ ಓದುಗರು)

ಇಲ್ಲ. ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ ಹೋಗುವುದು ಸುಮಾರು 4000 ವೋಲ್ಟ್, ಅದರ ಹಿಂದೆ ಇಡೀ ಟ್ರಾನ್ಸ್‌ಫಾರ್ಮರಿನ ಶಕ್ತಿಯಿದೆ. ಮೀಟರ್ ಸುಟ್ಟ ಮೇಲೆ ಮುಂದಿನದು ನಿಮ್ಮ ಕೈ. ಅಳೆಯುವ ಅಗತ್ಯವೂ ಇಲ್ಲ, ಪ್ಲಗ್ ಕಿತ್ತೇ ಬಹುಪಾಲು ಗೊತ್ತಾಗುತ್ತದೆ. ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಆದರೂ ಕೆಪಾಸಿಟರನ್ನು ನಂಬಬೇಡಿ, ಅದರೊಳಗೆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಓಪನ್ ಆಗಿದ್ದರೆ ಚಾರ್ಜ್ ಹಾಗೇ ನಿಂತಿರುತ್ತದೆ. ಒಳ್ಳೆಯ ಹಿಡಿಯ ಸ್ಕ್ರೂಡ್ರೈವರ್‌ನಿಂದ ಎರಡೂ ಕಾಲನ್ನು ಸೇರಿಸಿ, ನಂತರ ಪ್ರತಿ ಕಾಲನ್ನೂ ಬಾಡಿಗೆ ತಾಗಿಸಿ.

ಆಮೇಲೆ ಫ್ಯೂಸ್, ಥರ್ಮಲ್ ಕಟ್‌ಔಟ್, ಬಾಗಿಲ ಸ್ವಿಚ್‌ಗಳನ್ನು ಒಂದೊಂದಾಗಿ ಬಾಗಿಲು ತೆಗೆದು, ಮುಚ್ಚಿ ಬಜರ್‌ನಿಂದ ನೋಡಿ. ವೈರ್ ಬಿಡಿಸಿದ ಮ್ಯಾಗ್ನೆಟ್ರಾನ್ ಫಿಲಮೆಂಟ್ 1 ಓಮ್‌ಗಿಂತ ಕಡಿಮೆ, ಫಿಲಮೆಂಟಿನಿಂದ ಬಾಡಿಗೆ ಅನಂತ ಇರಬೇಕು. ಹೈ ವೋಲ್ಟೇಜ್ ಡಯೋಡನ್ನು ಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿ ಕೆಟ್ಟಿದೆ ಎಂದು ಎಸೆಯುವುದು ಸಾಮಾನ್ಯ ತಪ್ಪು. ಅದರೊಳಗೆ ಹಲವು ಡಯೋಡ್ ಸಾಲಾಗಿವೆ, ಮೀಟರ್ ಕೊಡುವ ಒಂದೆರಡು ವೋಲ್ಟಿಗೆ ಅದು ಎರಡೂ ಕಡೆ ಓಪನ್ ಆಗಿಯೇ ಕಾಣುತ್ತದೆ. 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ರೆಸಿಸ್ಟರ್, ಡಯೋಡ್ ಮೂರನ್ನೂ ಸಾಲಾಗಿ ಕಟ್ಟಿ, ಮೀಟರನ್ನು ಡಿಸಿ ವೋಲ್ಟಿಗಿಟ್ಟು ರೆಸಿಸ್ಟರಿನ ಮೇಲೆ ಅಳೆಯಿರಿ. ಒಂದು ದಿಕ್ಕಿನಲ್ಲಿ ಕೆಲವು ವೋಲ್ಟ್ ಬಂದು, ಡಯೋಡ್ ತಿರುಗಿಸಿದಾಗ ಸೊನ್ನೆಯಾದರೆ ಅದು ಚೆನ್ನಾಗಿದೆ.